ಇದ್ದಲ ಬಸ್ಸಿನ ಮುಂದೆ ಪಾಪತ್ತೆ

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸುವುದಿಲ್ಲ. ಬೇಸಿಗೆಯಲ್ಲಿ ಕೂರಿಸುತ್ತಾರೆ, ಮಳೆಗಾಲದಲ್ಲೂ ಹೇಗೋ ಸಹಿಸಿಕೊಳ್ಳುತ್ತಾರೆ. ಮಾರ್ಗಶಿರ ಕಾಲಿಟ್ಟಿತೋ, "ಅಜ್ಜಿ, ನೀನು ಹಿಂದೆ ಹೋಗು, ಶಾಲು ಹೊದ್ದು ನಿದ್ದೆ ಮಾಡು" ಎಂದು ನೂಕುತ್ತಾರೆ. ಕಾರಣ ನನ್ನ ಬಾಯಿ. ಗಾಜಿನ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿದರೆ ಸಾಕು, ಶುರುವಾಗುತ್ತದೆ: ದೀಪ ತಗ್ಗಿಸು, ಕಿಟಕಿ ಇಳಿಸು, ಕಿವಿ ಹೊರಗಿಡು, ಮುಂದಿನವನ ಕೆಂಪು ದೀಪವನ್ನು ನಂಬಬೇಡ. ಮೊಮ್ಮಗ ಒಮ್ಮೆ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಬೀಗದ ಕೈಯನ್ನು ನನ್ನ ಮಡಿಲಿಗೆ ಹಾಕಿಬಿಟ್ಟ. "ತಗೋ, ನೀನೇ ಓಡಿಸು" ಎಂದ. ನಾನು ಸೈಕಲ್ಲನ್ನೂ ತುಳಿದವಳಲ್ಲ. ಎತ್ತಿನ ಗಾಡಿಯನ್ನು ಒಂದೇ ಒಂದು ಸಲ ಹೊಡೆದದ್ದುಂಟು. ಅದೂ ನಾನು ಹೊಡೆದದ್ದೋ, ಎತ್ತುಗಳು ನನ್ನನ್ನು ಕರೆದುಕೊಂಡು ಹೋದದ್ದೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು.

ಆದರೂ ಬಾಯಿ ಸುಮ್ಮನಿರುವುದಿಲ್ಲ. ಈ ಮಾತುಗಳನ್ನು ನಾನು ಕಲಿತದ್ದು ಬಂಗಾರಪೇಟೆಯಲ್ಲಿ.

ಕೋಲಾರದ ಕಡೆ ಎಂಥ ಮಂಜು ಎಂದು ನಗುವವರಿದ್ದಾರೆ. ಅವರು ನಮ್ಮ ಸೀಮೆಯನ್ನು ಬೇಸಿಗೆಯಲ್ಲಿ ಮಾತ್ರ ನೋಡಿದವರು. ನನ್ನ ಚಿಕ್ಕಂದಿನಲ್ಲಿ, ಅಂದರೆ ಸ್ಟೇಷನ್ನಿನ ಹಲಗೆಯ ಮೇಲೆ ಇನ್ನೂ ಬೌರಿಂಗ್‌ಪೇಟೆ ಎಂದು ಬರೆದಿದ್ದ ಕಾಲದಲ್ಲಿ, ಧನುರ್ಮಾಸದ ಬೆಳಗು ಎಂದರೆ ಬೆಳಗೇ ಅಲ್ಲ. ಕೆರೆಗಳೆಲ್ಲ ತುಂಬಿರುತ್ತಿದ್ದವು. ಒಂದೊಂದು ಕೆರೆಯಿಂದಲೂ ಹಬೆಯೆದ್ದು, ಬಂಗಾರದ ಗಣಿಗಳ ಚಿಮಣಿ ಹೊಗೆ ಅದಕ್ಕೆ ಬೆರೆತು, ಹೊತ್ತು ಏರಿದರೂ ಎದುರು ಮನೆಯ ಜಗಲಿ ಕಾಣುತ್ತಿರಲಿಲ್ಲ. ತುಟಿಗಳು ಸೀಳಿ ರಕ್ತ ಜಿನುಗುತ್ತಿತ್ತು. ಅಜ್ಜಿ ಸಾಲಾಗಿ ನಿಲ್ಲಿಸಿ ಬೆಣ್ಣೆ ಸವರುವಳು, ನಾವು ಸಾಲಾಗಿ ನೆಕ್ಕಿಬಿಡುವೆವು. ಕಡಲೆಕಾಯಿ ಸಿಪ್ಪೆಯ ಬೆಂಕಿಗೆ ಅಂಗೈ ಹಿಡಿದು ಕೂತರೆ, ಒಳಗಿನಿಂದ ಅವರೆಕಾಯಿಯ ಸೊಗಡು. ಮಕ್ಕಳಿಗೆಲ್ಲ ಸೇರಿ ಒಂದೇ ಕಂಬಳಿ. ಅದರಲ್ಲಿ ಕುರಿಯ ವಾಸನೆ ಎಷ್ಟಿತ್ತೆಂದರೆ ನಮ್ಮ ತಮ್ಮನೊಬ್ಬ ಅದಕ್ಕೆ ಹುಲ್ಲು ತೋರಿಸುತ್ತಿದ್ದ.

ನಮ್ಮ ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಮಂಜು ಬಿದ್ದ ದಿನ ಅವರಿಗೊಂದು ಬೇರೆಯೇ ಕೆಲಸವಿತ್ತು. ಸ್ಟೇಷನ್ನಿಗೆ ಇನ್ನೂ ಬಹಳ ದೂರವಿರುವಾಗಲೇ ಹಳಿಯ ಮೇಲೆ ಪಟಾಕಿ ಕಟ್ಟಿಬರುವುದು. ಬೂಟು ಪಾಲಿಶಿನ ಡಬ್ಬಿಯಂಥ ಚಪ್ಪಟೆ ಪಟಾಕಿ, ಎರಡೂ ಕಡೆ ಸೀಸದ ಪಟ್ಟಿ. ಪಟ್ಟಿಯನ್ನು ಹಳಿಗೆ ಸುತ್ತಿ ಬಗ್ಗಿಸಿದರೆ ಆಯಿತು. ಎಂಜಿನ್ನಿನ ಚಕ್ರ ಹತ್ತಿದ ಕೂಡಲೇ ಢಂ ಎನ್ನುವುದು; ಸಿಗ್ನಲ್ಲಿನ ಕೈಮರ ಕಾಣದ ಡ್ರೈವರಿಗೆ, ಸ್ಟೇಷನ್ ಬಂತು, ಬಿಗಿಹಿಡಿ ಎಂದು ತಿಳಿಯುವುದು. ನಾವು ಕಂಬಳಿಯೊಳಗಿಂದಲೇ ಆ ಸದ್ದನ್ನು ಕೇಳುತ್ತಿದ್ದೆವು. ಸದ್ದಾದರೆ ಅಪ್ಪ ಬದುಕಿದ್ದಾರೆ, ಹಳಿಯಿಂದ ಸರಿದು ನಿಂತಿದ್ದಾರೆ ಎಂದು ಅಮ್ಮನ ಲೆಕ್ಕ. ಸದ್ದಾಗುವವರೆಗೆ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಅವಳು ಇದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಕಾಫಿ ತಡವಾದ ದಿನ ನಾವೇ ಅರ್ಥ ಮಾಡಿಕೊಂಡೆವು.

ಮಂಜಿನ ದಿನ ಊರಿನಲ್ಲಿ ನಗುವಂಥದೂ ನಡೆಯುತ್ತಿತ್ತು. ಹೊಸದಾಗಿ ವರ್ಗವಾಗಿ ಬಂದ ಒಬ್ಬ ಮೇಷ್ಟರು ಬೆಳಗಿನ ಗಾಡಿಗೆ ಇಳಿದು ಜಟಕಾ ಹತ್ತಿದರಂತೆ. ಜಟಕಾದವನಿಗೆ ದಾರಿ ಕಾಣಲಿಲ್ಲ. ಮುಂದೆ ಒಂದು ಎತ್ತಿನ ಗಾಡಿ, ಅದರ ಅಚ್ಚಿಗೆ ಕಟ್ಟಿದ ಲಾಟೀನು ತೂಗಾಡುತ್ತ ಹೋಗುತ್ತಿತ್ತು. ಅದನ್ನೇ ಹಿಡಿದುಕೊಂಡು ನಡೆದ. ಎತ್ತಿನ ಗಾಡಿ ತಿರುಗಿದಲ್ಲೆಲ್ಲ ತಿರುಗಿ, ಅದು ನಿಂತಾಗ ತಾನೂ ನಿಂತ. ಮೇಷ್ಟರು ಕೋಟು ಸರಿಮಾಡಿಕೊಂಡು ಇಳಿದು ನೋಡುತ್ತಾರೆ, ಯಾರದೋ ಕೊಟ್ಟಿಗೆ! ಎಮ್ಮೆಯೊಂದು ಅವರ ಹಾಸಿಗೆ ಸುರುಳಿಯನ್ನು ಮೂಸುತ್ತಿದೆ. ಗಾಡಿಯವನು ಕಣ್ಣುಜ್ಜಿಕೊಂಡು, "ಯಾರ್ ಸಾಮಿ ನೀವು? ನಮ್ಮನೇಗ್ ಯಾಕ್ ಬಂದ್ರಿ?" ಎಂದನಂತೆ. ನಮ್ಮ ಕಡೆಯವರು ಪ್ರತಿ ಚಳಿಗಾಲವೂ ಈ ತಪ್ಪು ಮಾಡುತ್ತಿದ್ದರು. ಮಂಜಿನಲ್ಲಿ ಒಂದು ದೀಪ ಕಂಡರೆ ಸಾಕು, ಅದು ನಮ್ಮೂರಿಗೇ ಹೋಗುತ್ತಿದೆ ಎಂದು ನಂಬಿಬಿಡುವುದು.

ಆ ತಪ್ಪನ್ನು ಎಂದೂ ಮಾಡದವನು ದೊರೆಸಾಮಿ ಒಬ್ಬನೇ.

ದೊರೆಸಾಮಿ ಬಂಗಾರಪೇಟೆಗೂ ಗಣಿಗಳಿಗೂ ಓಡುತ್ತಿದ್ದ ಬಸ್ಸಿನ ಡ್ರೈವರು. ಮನೆಮಾತು ತಮಿಳು, ನಮ್ಮ ಕನ್ನಡದೊಳಗೆ ಅದನ್ನು ಕಲಸಿಕೊಂಡು ಆಡುತ್ತಿದ್ದ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸನ್ನು ಇದ್ದಲಿನ ಗ್ಯಾಸಿಗೆ ಬದಲಾಯಿಸಿದ್ದರು. ಬಸ್ಸಿನ ಹಿಂಭಾಗಕ್ಕೆ ಬಚ್ಚಲ ಹಂಡೆಯಂಥ ಒಂದು ಉದ್ದನೆಯ ಡ್ರಮ್ಮು, ಅದರೊಳಗೆ ಇದ್ದಲ ಬೆಂಕಿ. ಹೊರಡುವ ಮುಂಚೆ ಕಂಡಕ್ಟರು ಕಿಷ್ಟಪ್ಪ ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಊದಬೇಕು. ಅವನು ತೆಲುಗಿನಲ್ಲಿ ಬಸ್ಸಿನ ವಂಶವನ್ನೆಲ್ಲ ಬೈಯುತ್ತ ತಿರುಗಿಸುವನು. ಏರು ಬಂದರೆ ಹತ್ತಿದವರೆಲ್ಲ ಇಳಿದು ತಳ್ಳುವುದು. ವಿಮಾನದವರಿಗೆ ಕಾಣಬಾರದೆಂದು ಮುಂದಿನ ದೀಪಗಳಿಗೆ ಕಪ್ಪು ಬಳಿದು, ಬೆರಳಗಲ ಸಂದು ಮಾತ್ರ ಬಿಟ್ಟಿದ್ದರು. ಬಂಗಾರಪೇಟೆಯ ಮೇಲೆ ಬಾಂಬು ಹಾಕಲು ಯಾರು ಅಷ್ಟು ದೂರ ಬರುತ್ತಾರೋ ಎಂದು ಅಜ್ಜಿಗೆ ಅನುಮಾನವಿತ್ತು.

ದೊರೆಸಾಮಿಯ ನಿಧಾನ ಊರಿಗೆಲ್ಲ ಹಾಸ್ಯ. ಅವನ ಬಸ್ಸಿನಿಂದ ಇಳಿದು, ಹೋಟೆಲಿನಲ್ಲಿ ಇಡ್ಲಿ ತಿಂದು, ಬೀಡಿ ಸೇದಿ, ಮತ್ತೆ ಅದೇ ಬಸ್ಸು ಹತ್ತಬಹುದು ಎನ್ನುತ್ತಿದ್ದರು. 'ಎಮ್ಮೆ ಡ್ರೈವರು' ಎಂದು ಎದುರಿಗೇ ಕರೆಯುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ. ಮಂಜಿನ ದಿನ ಈರುಳ್ಳಿಯನ್ನು ಎರಡು ಹೋಳು ಮಾಡಿ ಮುಂದಿನ ಗಾಜಿಗೆ ತಿಕ್ಕುವನು, ಹಬೆ ಕಟ್ಟದಿರಲೆಂದು. ಪಕ್ಕದ ಕಿಟಕಿಯಿಂದ ತಲೆ ಹೊರಗಿಟ್ಟು, ಕಣ್ಣಿಗಿಂತ ಕಿವಿಯಿಂದಲೇ ಓಡಿಸುವನು. ಮಂಜು ತೀರ ದಟ್ಟವಾದರೆ ಬಸ್ಸಿನ ಮುಂದೆ ಒಬ್ಬ ನಡೆಯಬೇಕು. ಬೆನ್ನ ಮೇಲೆ ಬಿಳಿ ಪಂಚೆ, ಕೈಯಲ್ಲಿ ಎತ್ತಿನ ಕೊರಳ ಗಂಟೆ. ಪಂಚೆ ಕಾಣುವಷ್ಟು ದೂರದಲ್ಲೇ ನಡೆಯಬೇಕು, ಗಂಟೆ ಬಾರಿಸುತ್ತಲೇ ಇರಬೇಕು. ಎದುರಿನಿಂದ ಗಾಡಿ ಬಂದರೆ ತಡೆದು ನಿಲ್ಲಿಸಬೇಕು. ಗಂಟೆ ನಿಂತರೆ ಬಸ್ಸೂ ನಿಲ್ಲುತ್ತದೆ. ಇಷ್ಟೇ ಅವನ ಕಾನೂನು.

ಈ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. ಗಣಿಗೆ ಹೋಗುವ ದಾರಿಯಲ್ಲಿ ಒಂದು ಕೆರೆ ಏರಿ ಸಿಗುತ್ತಿತ್ತು. ರಸ್ತೆ ಏರಿಯ ಮೇಲೆಯೇ. ಒಂದು ಕಡೆ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ, ತಡೆಗೋಡೆ ಇಲ್ಲ. ಕೆಲವು ಚಳಿಗಾಲಗಳ ಹಿಂದೆ ಇನ್ನೊಂದು ಬಸ್ಸು ಅಲ್ಲಿ ಮಂಜಿನಲ್ಲಿ ನೀರಿಗಿಳಿದಿತ್ತು. ಅದರ ಡ್ರೈವರು ದೊರೆಸಾಮಿಯ ಗೆಳೆಯ. ಸುದ್ದಿ ಕೇಳಿ ಓಡಿದವರಲ್ಲಿ ಇವನೂ ಒಬ್ಬ. ಹಗ್ಗ ಕಟ್ಟಿಕೊಂಡು ಮುಳುಗಿ, ಕಿಟಕಿಯಿಂದ ಒಬ್ಬೊಬ್ಬರನ್ನೇ ಎಳೆದು ದಡದ ಮೇಲೆ ಮಲಗಿಸಿದ. ಮಲಗಿಸಿದವರಲ್ಲಿ ಯಾರೂ ಏಳಲಿಲ್ಲ. ಅವನ ನಿಧಾನವನ್ನು ನೋಡಿ ನಗುವವರೂ ಆ ಏರಿಯ ಮೇಲೆ ಮಾತ್ರ ನಗುತ್ತಿರಲಿಲ್ಲ.

ಇನ್ನು ಪಾಪತ್ತೆ. ಪಾಪಮ್ಮ ನಮ್ಮ ಅಪ್ಪನ ತಂಗಿ, ನನಗೆ ಸೋದರತ್ತೆ. ಕಾಮಸಮುದ್ರದ ಕಡೆ ಹುಟ್ಟಿ ಬೆಳೆದು, ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಮುನೆಪ್ಪ ಮಾವನನ್ನು ಮದುವೆಯಾಗಿ ಗಣಿ ಕೂಲಿಗಳ ಸಾಲುಮನೆಗಳಿದ್ದ ಕೋರಮಂಡಲ್ ಲೈನಿನ, ಬಿದಿರು ತಡಿಕೆ ಗೋಡೆಯ ಮನೆಗೆ ಹೋಗಿದ್ದಳು. ಮಕ್ಕಳಿರಲಿಲ್ಲ. ಗಂಡಹೆಂಡಿರಿಬ್ಬರೂ ಇಡೀ ಲೈನಿಗೆ ಕೇಳುವಂತೆ ಜಗಳವಾಡುತ್ತಿದ್ದರು, ಲೈನಿಗೆಲ್ಲ ಕೇಳುವಂತೆ ನಗುತ್ತಿದ್ದರು. ತಡಿಕೆ ಗೋಡೆಯಾದ್ದರಿಂದ ಬೇರೆ ದಾರಿಯೂ ಇರಲಿಲ್ಲ. ಅತ್ತೆ ಏನು ಮಾಡಿದರೂ ಬೇಗ. ಬೇಗ ನಡೆಯುವಳು, ಬೇಗ ಉಣ್ಣುವಳು, ಬೇರೆಯವರ ಮಾತನ್ನು ತಾನೇ ಮುಗಿಸುವಳು. "ನಿಮ್ಮತ್ತೆ ಸತ್ರೂ ಓಡ್ಕೊಂಡೇ ಓಗ್ತಾಳೆ ಕಣಮ್ಮ" ಎಂದು ಮಾವ ನನ್ನೊಡನೆ ನಗುತ್ತಿದ್ದರು.

ಆ ಚಳಿಗಾಲ ಅಮ್ಮನಿಗೆ ಜ್ವರ ಬಂದು ಅತ್ತೆ ಆರೈಕೆಗೆಂದು ನಮ್ಮಲ್ಲಿಗೆ ಬಂದಿದ್ದಳು. ಆಗಷ್ಟೇ ಮದುವೆಯಾಗಿದ್ದ ನಾನೂ ಗಂಡನ ಮನೆಯಿಂದ ಬಂದಿದ್ದೆ. ಒಂದು ಬೆಳಗು, ಕೈ ಚಾಚಿದರೆ ಬೆರಳು ಕಾಣದಂಥ ಮಂಜಿನಲ್ಲಿ, ಯಾರೋ ಬಾಗಿಲು ಬಡಿದರು. ಮಾವನ ಪಕ್ಕದ ಮನೆಯಾತ. ಮೊಣಕಾಲಿನಿಂದ ರಕ್ತ ಸೋರುತ್ತಿತ್ತು. ಸೈಕಲ್ಲು ಮೋರಿಗೆ ಬಿದ್ದು ಮುಂದಿನ ಚಕ್ರ ಸೊಟ್ಟಗಾಗಿತ್ತು. ಅದನ್ನು ಹೆಗಲ ಮೇಲೆ ಹೊತ್ತು ಬಂದಿದ್ದ.

"ಪಾಪಕ್ಕಾ, ಕೆಳಗಡೆ ಬಂಡೆ ಸಿಡಿದೈತೆ. ಮುನೆಪ್ಪಣ್ಣನ್ನ ಮೇಲಕ್ ತಂದವ್ರೆ. ಆಸ್ಪತ್ರೇಲವ್ನೆ."

ಭೂಮಿಯ ಆಳದಲ್ಲಿ ಬಂಡೆ ತನ್ನಷ್ಟಕ್ಕೆ ತಾನೇ ಸಿಡಿಯುವುದು ಗಣಿಯವರಿಗೆ ಗೊತ್ತಿದ್ದ ಸಾವು. ಅತ್ತೆ ಕೂಗಲಿಲ್ಲ. "ಉಸಿರೈತಾ?" ಎಂದಳು.

"ಐತೆ. ಮಾತೂ ಐತೆ. ನಿನ್ನೇ ಕೇಳ್ತಾವ್ನೆ. ಡಾಕ್ಟ್ರು ಮಾತ್ರ... ಬೇಗ ಬಾಕ್ಕಾ."

ಸ್ಟೇಷನ್ನಿಗೆ ಓಡಿದೆವು. ಅಪ್ಪ ಲಾಟೀನು ಹಿಡಿದು ಹಳಿಯ ಕಡೆಗೆ ಹೊರಟಿದ್ದರು. ಗಣಿಗೆ ಹೋಗುವುದು ಒಂಟಿ ಹಳಿ. ಅತ್ತ ಗಣಿ ತುದಿಯ ಮಾರಿಕುಪ್ಪಂನಿಂದ ಬರಬೇಕಾದ ರೈಲುಗಾಡಿ ಬಾರದೆ ಇತ್ತಲಿನದನ್ನು ಬಿಡುವಂತಿರಲಿಲ್ಲ. "ಅದು ಎಲ್ ನಿಂತೈತೋ ದೇವರಿಗೇ ಗೊತ್ತು" ಎಂದರು ಅಪ್ಪ. ಮದ್ರಾಸು ಕಡೆಯ ಗಾಡಿ ಬರುವ ಹೊತ್ತು. ಪಟಾಕಿ ಕಟ್ಟದೆ ಅವರು ಕದಲುವಂತಿರಲಿಲ್ಲ. ತಂಗಿಯ ತಲೆ ಮುಟ್ಟಿ, ನನ್ನ ಕಡೆ ಕೈ ತೋರಿ, "ಲಕ್ಷ್ಮೀನ ಜೊತೇಗ್ ಕರ್ಕೊಂಡ್ ಬಸ್ನಾಗೋಗು. ನಾನಿಂದೇನೇ ಬತ್ತೀನಿ" ಎಂದರು. ನಾವು ಹೊರಳುವಷ್ಟರಲ್ಲಿ ಅವರು ಮಂಜಿನೊಳಗಿದ್ದರು. ಜಟಕಾದವರನ್ನು ಕೇಳಿದೆವು. ಏರಿ ಎಂದ ಕೂಡಲೇ ಎಲ್ಲರೂ ತಲೆ ಅಲ್ಲಾಡಿಸಿದರು.

ಬಸ್ಸು ಹೊರಟಿತು. ಹೊರಟಿತು ಎನ್ನಬೇಕಷ್ಟೆ. ಕಿಷ್ಟಪ್ಪ ಪಂಚೆ ಹೊದ್ದು, ಗಂಟೆ ಬಾರಿಸುತ್ತ ಮುಂದೆ ನಡೆಯುತ್ತಿದ್ದ. ಒಳಗೆ ಒಂದಷ್ಟು ಮಂದಿ ಮುದುಡಿ ಕೂತಿದ್ದರು. ಬೆಲ್ಲದ ವ್ಯಾಪಾರಿಯೊಬ್ಬ, "ದೊರೆಸಾಮಿ, ನಿನ್ ಬಸ್ಸಿಗಿಂತ ನನ್ ಬೆಲ್ಲದಾಗಿನ್ ಇರುವೆ ಜೋರಾಗ್ ಓಯ್ತದೆ ಕಣಯ್ಯ" ಎಂದು ನಗಿಸಿದ. ಅವರೆಕಾಯಿ ಬುಟ್ಟಿಯ ಮುದುಕಿ, "ಇದ್ಕೇನ್ ಮೇವ್ ಆಕಿಲ್ವೇನೋ" ಎಂದಳು. ಎಲ್ಲರೂ ನಕ್ಕರು. ಅತ್ತೆ ಡ್ರೈವರಿನ ಹಿಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು.

"ಅಣ್ಣಾ, ವಸಿ ಬಿರ್‍ನೆ ಓಗಣ್ಣಾ."

"ಪೊರುಮ್ಮಾ. ಕೊಂಚ ತಾಳಮ್ಮ."

"ನನ್ ಗಂಡ ಸಾಯ್ತಾವ್ನಣ್ಣಾ."

ಬಸ್ಸಿನಲ್ಲಿ ನಗು ಸತ್ತುಹೋಯಿತು. ಬೆಲ್ಲದ ವ್ಯಾಪಾರಿ ಎದ್ದು ನಿಂತ. "ಏನಯ್ಯ ಇದು, ಎಮ್ಮೆ ಓಡಿಸ್ದಂಗೆ! ಎಣ್ಣೆಂಗಸು ಗೋಳಾಡ್ತಾ ಅವ್ಳೆ, ಓಡ್ಸಯ್ಯಾ!" ಸ್ವಲ್ಪ ಹೊತ್ತಿಗೆ ಮುಂಚೆ ನಗುತ್ತಿದ್ದವರೆಲ್ಲ ಈಗ ಬೈಯತೊಡಗಿದರು. ನಾನೂ ಬೈದೆ. ನಿನಗೆ ಹೆಂಡತಿ ಮಕ್ಕಳಿಲ್ಲವಾ ಎಂದೆ. ದೊರೆಸಾಮಿ ತಲೆಯನ್ನು ಕಿಟಕಿಯಿಂದ ಒಳಗೆ ತರಲಿಲ್ಲ. ಅವನ ಮೀಸೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸು ಮೊದಲಿನಷ್ಟೇ ನಿಧಾನವಾಗಿ ಹೋಗುತ್ತಿತ್ತು, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಏರಿಯ ಬಾಯಿಗೆ ಬಂದು ನಿಂತೆವು. ಅಲ್ಲಿ ಮಂಜು ಗೋಡೆಯಂತಿತ್ತು. ಜೊತೆಗೆ ಗ್ಯಾಸೂ ಕುಗ್ಗಿತ್ತು. ಏರಿಯ ನಡುವೆ ಎಂಜಿನ್ನು ಆರಿದರೆ ಹಿಂದಕ್ಕೆ ಜಾರುವ ಭಯ. ಕಿಷ್ಟಪ್ಪ ಹಿಂದೆ ನಿಂತು ಹಿಡಿ ತಿರುಗಿಸಲೇಬೇಕು. ಹಾಗಾದರೆ ಮುಂದೆ ಯಾರು? ಬೆಲ್ಲದ ವ್ಯಾಪಾರಿ ತನಗೆ ಇರುಳುಗುರುಡು ಎಂದ. ಇರುಳಲ್ಲವಲ್ಲ ಎಂದು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಅತ್ತೆ ಇಳಿದು ಹೋಗಿ ಕಿಷ್ಟಪ್ಪನ ಕೈಯಿಂದ ಗಂಟೆ ಕಿತ್ತುಕೊಂಡಿದ್ದಳು. ಪಂಚೆ ಬೆನ್ನಿಗೇರಿತ್ತು.

ದೊರೆಸಾಮಿ ಆಗ ಮೊದಲ ಸಲ ತಿರುಗಿ ಅವಳನ್ನು ನೋಡಿದ.

"ನೀ ಬೇಡಮ್ಮ. ನೀ ಓಡ್ತೀಯ. ಇದಕ್ಕೆ ನಡೆಯೋರ್ ಬೇಕು."

"ನಡೀತೀನಣ್ಣಾ. ನಿನ್ ಮಕ್ಳಾಣೆ, ನಡೀತೀನಿ."

ಸ್ವಲ್ಪ ಹೊತ್ತು ನಡೆದಳು. ಮುಂಗಾಜಿನಲ್ಲಿ ಆ ಬಿಳಿ ಬೆನ್ನು ಕಾಣುತ್ತಿತ್ತು. ಎಡಕ್ಕೆ ನೀರು ಇದೆಯೋ ಇಲ್ಲವೋ ತಿಳಿಯದು. ತಣ್ಣನೆಯ ಪಾಚಿ ವಾಸನೆ ಮಾತ್ರ. ಟಣ್, ಟಣ್ ಎಂದು ಗಂಟೆ. ಏರಿಯ ಅರ್ಧಕ್ಕೆ ಬಂದಿರಬೇಕು, ಗಂಟೆಯ ಸದ್ದು ಒಂದರ ಮೇಲೊಂದು ಬೀಳತೊಡಗಿತು. ಬಿಳಿ ಬೆನ್ನು ಕರಗಿತು. ಸದ್ದು ತೆಳ್ಳಗಾಯಿತು, ಆಮೇಲೆ ಇಲ್ಲ.

ದೊರೆಸಾಮಿ ಬ್ರೇಕು ಒತ್ತಿದ.

"ಓಡ್ಬಿಟ್ಳಲ್ಲ!" ಎಂದಳು ಅವರೆಕಾಯಿ ಮುದುಕಿ.

"ನೀನೂ ಓಗಯ್ಯ ಅವ್ಳ್ ಇಂದೇನೇ!" ಎಂದ ವ್ಯಾಪಾರಿ.

"ಗಂಟೆ ಇಲ್ಲ" ಎಂದ ದೊರೆಸಾಮಿ. ಅಷ್ಟೇ. ಕೈಯನ್ನು ಸ್ಟೀರಿಂಗ್ ಚಕ್ರದ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾನು ಇಳಿಯಹೋದೆ. "ಇಳೀಬೇಡ ಮಗಾ. ನಿನ್ನ ಹುಡುಕಕ್ಕೆ ಇನ್ನೊಬ್ಬರ್ ಇಳೀಬೇಕಾಗ್ತದೆ" ಎಂದ. ನೀರಿನ ಮೇಲೆ, ಏರಿಯ ನಡುವೆ, ಹಿಂದೂ ಇಲ್ಲದೆ ಮುಂದೂ ಇಲ್ಲದೆ ಕೂತೆವು. ಹಿಂದಿನ ಡ್ರಮ್ಮಿನಲ್ಲಿ ಇದ್ದಲು ಚಿಟಿಚಿಟಿ ಎನ್ನುವುದು ಕೇಳುತ್ತಿತ್ತು. ಒಳ್ಳೆಯದಾಯಿತು, ಓಡಲಿ, ಹೋಗಿ ಸೇರಲಿ ಎಂದು ನಾನು ಮನಸ್ಸಿನಲ್ಲೇ ಅವಳ ಜೊತೆಗೆ ಓಡುತ್ತಿದ್ದೆ.

ಅತ್ತ ಏನಾಯಿತೆಂದು ಅತ್ತೆ ಎಂದೂ ಹೇಳಲಿಲ್ಲ. ಎಷ್ಟೋ ದಿನಗಳ ಮೇಲೆ ಒಬ್ಬ ಗಾಡಿಯವನು ಸ್ಟೇಷನ್ನಿನಲ್ಲಿ ಅಪ್ಪನಿಗೆ ಹೇಳಿದ್ದು. ಸೌದೆ ತುಂಬಿದ ಗಾಡಿಗಳು ಸಾಲಾಗಿ ಬಂಗಾರಪೇಟೆಗೆ ಬರುತ್ತಿದ್ದವು. ಎತ್ತುಗಳಿಗೆ ದಾರಿ ಗೊತ್ತು, ಗಾಡಿಯವರು ಕಂಬಳಿಯೊಳಗೆ ನಿದ್ದೆ. ಏರಿ ಮುಗಿಯುವ ಕಡೆ ಮುಂದಿನ ಎತ್ತಿನ ಮೂತಿ ಓಡಿಬರುತ್ತಿದ್ದ ಅತ್ತೆಯ ಎದೆಗೆ ತಾಗಿತಂತೆ. ಅವಳು ನೊಗ ಹಿಡಿದು ನೇತುಬಿದ್ದು ನಿಲ್ಲಿಸಿದಳು. "ಏರಿ ಮ್ಯಾಲೆ ಬಸ್ ನಿಂತೈತೆ. ಇಲ್ಲೇ ನಿಲ್ಲಣ್ಣಾ" ಎಂದಳು.

"ನಿಲ್ತೀನಿ ಕಣವ್ವ, ಅಂದೆ ಸಾಮಿ" ಎಂದನಂತೆ ಗಾಡಿಯವನು. "ಆವಮ್ಮ ಕೆಜಿಎಫ್ ಕಡೀಕ್ ಓಡ್ತು. ಮೊಖ ಕಾಣಾಕಿಲ್ಲ, ಗಂಟೆ ಕೇಳ್ತದೆ. ಒಂದಷ್ಟ್ ದೂರ ಓತು, ನಿಂತ್ಕಂತು. ನಾನು ಕೂಗ್ದೆ, ನಾವ್ ಎಷ್ಟೊತ್ತು ನಿಲ್ಲಾನೆ, ಬಸ್ಸು ಬತ್ತದೋ ಇಲ್ವೋ ಅಂತ. ಮತ್ತೆ ಗಂಟೆ ಆ ಕಡೀಕ್ ಓತು. ಮತ್ತೆ ನಿಂತ್ಕಂತು. ಆಮ್ಯಾಕೆ ತಿರುಗ್ಕಂತು ಸಾಮಿ. ನನ್ ಪಕ್ದಾಗೇ ದಾಟ್ಕಂಡ್ ಏರಿ ಮ್ಯಾಕ್ ಓತು. ಅಳ್ತಾ ಇತ್ತು."

ನಮಗೆ ಕೇಳಿದ್ದು ಗಂಟೆ ಮಾತ್ರ. ಮೊದಲು ಯಾರೂ ನಂಬಲಿಲ್ಲ. ಕುರಿ ಮಂದೆ ಇರಬೇಕೆಂದುಕೊಂಡೆವು. ಆಮೇಲೆ ಮಂಜಿನೊಳಗಿಂದ ಅತ್ತೆಯ ಮುಖ ಗಾಜಿನ ಮುಂದೆ ಬಂತು. ಏದುಸಿರು. ದೊರೆಸಾಮಿಯನ್ನು ನೋಡಿ, "ಆ ಕಡೆ ಗಾಡಿಗಳವ್ವೆ. ನಿಲ್ಸಿವ್ನಿ. ಬಾ" ಎಂದಳು. ಬೆನ್ನು ತಿರುಗಿಸಿ ಪಂಚೆ ಸರಿಮಾಡಿಕೊಂಡಳು. ನಡೆಯತೊಡಗಿದಳು.

ಆ ನಡಿಗೆಯನ್ನು ನಾನು ಹೇಗೆ ಹೇಳಲಿ? ಹುಟ್ಟಿದಂದಿನಿಂದ ನಿಧಾನವಾಗಿ ಒಂದು ಹೆಜ್ಜೆ ಇಟ್ಟವಳಲ್ಲ ಅತ್ತೆ. ಒಂದೊಂದು ಹೆಜ್ಜೆಯನ್ನೂ ನೆಲಕ್ಕೆ ಒತ್ತಿ ಹಿಡಿದು, ಕಾಲಿಗೆ ಕಲ್ಲು ಕಟ್ಟಿದಂತೆ ನಡೆದಳು. ಗಂಟೆ ಒಮ್ಮೆಯೂ ತಪ್ಪಲಿಲ್ಲ. ದೊರೆಸಾಮಿ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ಅವನ ದೇವರಿಗೆ ಇರಬೇಕು. ಏರಿ ಮುಗಿದಾಗ, ಸಾಲಾಗಿ ನಿಂತ ಸೌದೆ ಗಾಡಿಗಳ ಎತ್ತುಗಳು ನಮ್ಮ ಕಿಟಕಿಗಳಿಗೆ ಉಸಿರು ಬಿಡುತ್ತಿದ್ದವು. ಅವು ಏರಿಯ ಮೇಲೆ ನಮಗೆ ಎದುರಾಗಿದ್ದರೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿತ್ತು? ನಾನು ಅದನ್ನು ಯೋಚಿಸಲಿಲ್ಲ. ಬೆಲ್ಲದ ವ್ಯಾಪಾರಿ ಯೋಚಿಸಿರಬೇಕು. ಅವನು ಮುಖವನ್ನು ಟವೆಲಿನಿಂದ ಮುಚ್ಚಿಕೊಂಡಿದ್ದ.

ಏರಿಯಾಚೆ ಮಂಜು ತುಸು ತೆಳುವಾಗಿತ್ತು. ಅತ್ತೆಯನ್ನು ಹತ್ತಿಸಿಕೊಂಡು ದೊರೆಸಾಮಿ ಆಗ ಆಕ್ಸಿಲರೇಟರು ಒತ್ತಿದ, ಬಸ್ಸಿಗೆ ಎಷ್ಟು ಶಕ್ತಿ ಇತ್ತೋ ಅಷ್ಟೂ. ಆದರೆ ಏರಿಯ ಮೇಲೆ ಕಾದು ಕಾದು ಬೆಂಕಿ ಮಂಕಾಗಿತ್ತು. ಮುಂದಿನ ದಿಬ್ಬದಲ್ಲಿ ಎಂಜಿನ್ನು ಕೆಮ್ಮಿ ಕೆಮ್ಮಿ ಸತ್ತಿತು. ಕಿಷ್ಟಪ್ಪ ಇದ್ದಲು ಸುರಿದು, ಈ ಸಲ ಬೈಯದೆ, ಹುಚ್ಚನಂತೆ ತಿರುಗಿಸಿದ. ಎಲ್ಲರೂ ಇಳಿದು ತಳ್ಳಿದರು. ಮುದುಕಿ ಕೂಡ ಬುಟ್ಟಿ ಕೆಳಗಿಟ್ಟು ಕೈಹಚ್ಚಿದಳು. ಬಸ್ಸು ಅಲುಗಲಿಲ್ಲ. "ಲಚ್ಚೀ, ಬಾ" ಎಂದಳು ಅತ್ತೆ. ನಾವಿಬ್ಬರೂ ಓಡಿದೆವು. ಅವಳ ವೇಗಕ್ಕೆ ನನಗೆ ಆಗಲಿಲ್ಲ. ಅವಳು ನನ್ನ ಕೈ ಬಿಡಲೂ ಇಲ್ಲ. ಗಣಿಯ ಬಿಳಿ ಮಣ್ಣಿನ ದಿಬ್ಬಗಳು ಮಂಜಿನಲ್ಲಿ ಒಂದೊಂದಾಗಿ ಬಂದು ಹೋದವು.

ಗಣಿ ಆಸ್ಪತ್ರೆಯ ಗೇಟಿನಲ್ಲಿ ಲೈನಿನ ಹೆಂಗಸರು ನಿಂತಿದ್ದರು. ನಮ್ಮನ್ನು ಕಂಡ ಕೂಡಲೇ ದಾರಿ ಬಿಟ್ಟರು. ದಾರಿ ಬಿಟ್ಟ ರೀತಿಯಲ್ಲೇ ಅತ್ತೆಗೆ ಗೊತ್ತಾಯಿತು. ಒಳಗೆ ನರ್ಸಮ್ಮ ಹಣೆಗೆ ಕೈ ಇಟ್ಟುಕೊಂಡು, "ಈಗ ತಾನೇಮ್ಮಾ. ಈಗ ತಾನೇ. ಬಾಗಿಲನ್ನೇ ನೋಡ್ತಿದ್ರು" ಎಂದಳು. ಮಾವನ ಕೈ ಇನ್ನೂ ಬೆಚ್ಚಗಿತ್ತು. ಅತ್ತೆ ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತಳು. ಆ ಕೈ ತಣ್ಣಗಾಗುವವರೆಗೆ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

ತಿಥಿ ಮುಗಿದ ಮೇಲೆ ಲೈನಿನ ಮನೆ ಖಾಲಿ ಮಾಡಬೇಕಾಯಿತು. ಅಪ್ಪ ಅವಳನ್ನು ನಮ್ಮಲ್ಲಿಗೇ ಕರೆತಂದರು. ಬಂದವರೆಲ್ಲ ಸಮಾಧಾನ ಹೇಳುವರು. ನೀನು ಓಡಿದ್ದರೂ ಸಿಗುತ್ತಿರಲಿಲ್ಲ ಪಾಪಮ್ಮ. ಸಿಕ್ಕಿದ್ದರೂ ಅವನಿಗೆ ಜ್ಞಾನ ಎಲ್ಲಿತ್ತು. ಹಣೆಬರಹ. ಬೆಲ್ಲದ ವ್ಯಾಪಾರಿ ಒಂದು ಅಚ್ಚು ಬೆಲ್ಲ ತಂದು ಹೊಸಿಲ ಮೇಲಿಟ್ಟು ಹೋದ. ಅತ್ತೆ ಎಲ್ಲರಿಗೂ ಹ್ಞೂಂ ಎನ್ನುವಳು. ಅವಳ ಕೈಕಾಲಿನ ಆತುರ ಎಲ್ಲೋ ಹೋಗಿತ್ತು. ಒಂದು ಸೊಲಗೆ ಅಕ್ಕಿ ಆರಿಸಲು ಅವಳಿಗೆ ಮಧ್ಯಾಹ್ನವಾಗುತ್ತಿತ್ತು.

ಮತ್ತೆ ಒಂದು ಮಂಜಿನ ಬೆಳಗು. ಅಪ್ಪ ಆಗಲೇ ಹಳಿಯ ಕಡೆಗೆ ಹೋಗಿದ್ದರು. ನಾನು ಬಾಗಿಲು ತೆಗೆದರೆ ದೊರೆಸಾಮಿ ನಿಂತಿದ್ದ. ಕಾಕಿ ಕೋಟು, ತಲೆಗೆ ಮಫ್ಲರು. ಒಳಗೆ ಬಾ ಎಂದರೂ ಜಗಲಿಯ ತುದಿಯಲ್ಲೇ ಕುಕ್ಕರಗಾಲಿನಲ್ಲಿ ಕೂತ. ಅತ್ತೆ ಬಂದು ಬಾಗಿಲಿಗೆ ಒರಗಿದಳು. ಅವನೇನೋ ಹೇಳಲು ಬಂದಿದ್ದ, ಹೇಳಲು ಅವನಿಗೆ ಬರುತ್ತಿರಲಿಲ್ಲ.

ಕೊನೆಗೆ ಅತ್ತೆಯೇ ಕೇಳಿದಳು. "ಅಣ್ಣಾ, ಆವತ್ತು ನಾನ್ ತಿರುಗ್ ಬರ್ದೆ ಓಡಿದ್ರೆ ಸಿಕ್ತಿದ್ನಾ?"

ನಾನು ಅವನ ಕಡೆ ನೋಡಿ ಕಣ್ಣಿನಲ್ಲೇ ಬೇಡಿಕೊಂಡೆ. ಇಲ್ಲ ಎಂದುಬಿಡು. ಎಲ್ಲರೂ ಅಂದದ್ದನ್ನೇ ನೀನೂ ಅನ್ನು.

ದೊರೆಸಾಮಿ ಮಫ್ಲರು ಬಿಚ್ಚಿ ಕೈಯಲ್ಲಿ ಹಿಡಿದ. "ಸಿಕ್ತಿದ್ರು ತಾಯಿ" ಎಂದ.

ಅತ್ತೆ ಕಣ್ಣು ಮುಚ್ಚಿದಳು. ಆ ಮುಖ ಏನಾಯಿತೆಂದು ನನಗೆ ಇವತ್ತಿಗೂ ಹೇಳಲಾಗದು. ಹೊರಗೆ ಎಲ್ಲೋ ಒಂದು ಎತ್ತಿನ ಗಾಡಿ ಕಿರುಗುಟ್ಟುತ್ತ ಹೋಯಿತು. ಅವನು ಎದ್ದ. ಕೈಮುಗಿದ. ಮೊದಲ ಬಸ್ಸಿನ ಹೊತ್ತಾಯಿತು ಎಂದು ಗೊಣಗಿ ಜಗಲಿಯಿಂದ ಇಳಿದ. ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಅವನ ಬೆನ್ನು ಆಗಲೇ ಬಿಳಿಯಾಗತೊಡಗಿತ್ತು.

"ಎಲ್ಲಿಗೋಗ್ತೀಯಣ್ಣಾ ಇದ್ರಾಗೆ?" ಎಂದಳು ಅತ್ತೆ. "ಬಾ, ಕೂತ್ಕೋ. ಮಂಜ್ ಇಳೀಲಿ."

ಅವನು ನಿಂತ. ವಾಪಸು ಬಂದು ಅದೇ ತುದಿಯಲ್ಲಿ ಕೂತ. ಅತ್ತೆ ಬಾಗಿಲಿನಿಂದ ಕದಲಲಿಲ್ಲ. ಎದುರು ಮನೆಯ ಜಗಲಿ ಕಾಣುವವರೆಗೂ ಇಬ್ಬರೂ ಹಾಗೇ ಬೀದಿಯನ್ನು ನೋಡುತ್ತ ಕಾದರು.